ಅತ್ತಿಗೆ, ಕೊಳ್ಳುವ ಮುಂಚೆ ಸಾರಿನ ಪುಟ ಓದಿ

ಅತ್ತಿಗೆ, ಮಗ ಕೆಲಸಕ್ಕೆ ಪುಣೆಗೆ ಹೊರಟಿದ್ದಾನೆ, ಸ್ಟವ್ ಹಚ್ಚಿಯೂ ಅಭ್ಯಾಸ ಇಲ್ಲ, ಯಾವ ಅಡುಗೆ ಪುಸ್ತಕ ಕೊಡಿಸಲಿ ಅಂತ ಕೇಳಿದ್ದಿರಿ. ಎಲ್ಲರೂ ಒಂದೊಂದು ಹೆಸರು ಹೇಳಿದ್ದಾರೆ. ನಾನು ಆರಿಸುವುದು ಹೇಗೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನವಾಗಿ ಕೇಳಿ.

ಪುಸ್ತಕ ಕೊಳ್ಳಲು ಮೈಸೂರಿನ ಸಯ್ಯಾಜಿರಾವ್ ರಸ್ತೆ ಕಡೆ ಹೋಗುವಾಗ ಅವನನ್ನೂ ಕರೆದುಕೊಂಡು ಹೋಗಿ. ಅಂಗಡಿಯಲ್ಲೇ ಬೇಳೆ ಸಾರಿನ ಪುಟ ತೆಗೆದು ಅವನ ಕೈಗೆ ಕೊಡಿ. 'ಬೇಳೆ ಬೇಯಿಸಿ, ಹುಳಿ ಉಪ್ಪು ಪುಡಿ ಹಾಕಿ ಕುದಿಸಿ, ಒಗ್ಗರಣೆ ಕೊಡಿ' ಅಂತ ಮುಗಿಸಿದ್ದರೆ ಆ ಪುಸ್ತಕ ನಮ್ಮಂಥವರಿಗೆ ಸಾಕು, ಅವನಿಗಲ್ಲ. ಅರ್ಧ ಲೋಟ ತೊಗರಿಬೇಳೆಗೆ ಒಂದೂವರೆ ಲೋಟ ನೀರು, ಚಿಟಿಕೆ ಅರಿಶಿನ, ಕುಕ್ಕರ್ 4 ಸಲ ಕೂಗಬೇಕು, ಪ್ರೆಶರ್ ತಾನಾಗಿ ಇಳಿದ ಮೇಲೇ ಮುಚ್ಚಳ ತೆಗೆಯಬೇಕು. ಇಷ್ಟೂ ಬರೆದಿರಬೇಕು. ಹುಣಸೆಹಣ್ಣು ನೆಲ್ಲಿಕಾಯಿಯಷ್ಟೋ ನಿಂಬೆಹಣ್ಣಿನಷ್ಟೋ ಅಂತಲೂ ಇರಬೇಕು. ಒಗ್ಗರಣೆಯಂತೂ ಒಂದರ ಹಿಂದೆ ಒಂದು ಹೇಳಿರಬೇಕು. ಎಣ್ಣೆ ಕಾಯಬೇಕು, ಸಾಸಿವೆ ಚಟಪಟ ಅನ್ನಬೇಕು, ಆಮೇಲೆ ಇಂಗು, ಕರಿಬೇವು. ಹೊಸಬರು ಸಾಸಿವೆ ಸಿಡಿಯುವ ಮೊದಲೇ ಎಲ್ಲ ಸುರಿದುಬಿಡುತ್ತಾರೆ, ಸಾರಿಗೆ ಘಮವೇ ಬರುವುದಿಲ್ಲ.

ಉಪ್ಪಿಟ್ಟಿನ ಪುಟವನ್ನೂ ನೋಡಿ. ಬರೀ '5 ನಿಮಿಷ ರವೆ ಹುರಿಯಿರಿ' ಅಂದರೆ ಸಾಲದು. ಉರಿ ಎಲ್ಲರ ಮನೆಯಲ್ಲೂ ಒಂದೇ ಥರ ಇರುವುದಿಲ್ಲ ಅಲ್ವಾ? ಘಮ ಬಂದು, ರವೆ ಬಿಡಿಬಿಡಿಯಾಗಿ ಸೌಟಿಗೆ ಹಗುರ ಅನ್ನಿಸುವ ತನಕ ಅಂತ ಬರೆದಿದ್ದರೆ, ಅವರು ಒಲೆ ಮುಂದೆ ನಿಂತು ಬರೆದವರು. ಅಂಥ ಪುಸ್ತಕ ಕಣ್ಣುಮುಚ್ಚಿ ತೆಗೆದುಕೊಳ್ಳಿ.

ಬಣ್ಣದ ಫೋಟೊ ನೋಡಿ ದಪ್ಪ ಪುಸ್ತಕ ಕೊಳ್ಳಬೇಡಿ. ಕೇಕು, ಮೈಸೂರು ಪಾಕು ಈಗ ಯಾಕೆ? ಅನ್ನ, ಸಾರು, ಹುಳಿ, ಪಲ್ಯ, ಚಿತ್ರಾನ್ನ ಇದ್ದರೆ ಸಾಕು. ಈ ರುಚಿಯೆಲ್ಲ ಅವನ ನಾಲಿಗೆಗೆ ಗೊತ್ತು. ಉಪ್ಪು ಕಡಿಮೆ, ಹುಳಿ ಜಾಸ್ತಿ ಅಂತ ತಾನೇ ಕಂಡುಕೊಂಡು ಸರಿ ಮಾಡಿಕೊಳ್ಳುತ್ತಾನೆ. ತಿಂದೇ ಗೊತ್ತಿಲ್ಲದ ಅಡುಗೆ ಸರಿ ಬಂತೋ ಕೆಟ್ಟಿತೋ ಅಂತ ಪಾಪ ಅವನಿಗೆ ಯಾರು ಹೇಳಬೇಕು?

ಅನ್ನದ ಅಳತೆಗೆ ಮಾತ್ರ ಯಾವ ಪುಸ್ತಕವನ್ನೂ ಪೂರ್ತಿ ನೆಚ್ಚಿಕೊಳ್ಳಬೇಡಿ. ಹೊಸ ಅಕ್ಕಿಗೆ ನೀರು ಕಡಿಮೆ, ಹಳೆ ಅಕ್ಕಿಗೆ ಜಾಸ್ತಿ. ಅವನು ಹೊರಡುವ ಮುಂಚೆ ಎರಡೂ ಅಕ್ಕಿಯ ಅನ್ನ ಅವನ ಕೈಯಲ್ಲೇ ಮಾಡಿಸಿ, ನೀವು ಸುಮ್ನೆ ಪಕ್ಕದಲ್ಲಿ ನಿಂತಿರಿ. ಸಾರಿನ ಪುಡಿ ನಾನು ಮಾಡಿಕೊಡುತ್ತೇನೆ. ಖಾರ ಎಷ್ಟಿರಲಿ ಅಂತ ಅವನನ್ನೇ ಕೇಳಿ ಹೇಳಿ.