ಅಂಗೋಲಾಕ್ಕೆ ಸೇವೆಗೆ ಹೊರಟಿದ್ದೇನೆ, ಹೇಗೆ ತಯಾರಾಗಲಿ?

ಕಾರವಾರದ ಕೋಡಿಬಾಗದವನು, ವಯಸ್ಸು 24. ಎರಡು ವರ್ಷದ ಮಿಷನ್ ಸೇವೆ. ಅಲ್ಲಿ ಪೋರ್ಚುಗೀಸ್ ಬೇಕೇಬೇಕು, ನನಗೆ ಒಂದಕ್ಷರ ಬರುವುದಿಲ್ಲ. ಅಪ್ಪ ದೋಣಿಗೆ ಹೋಗುವವರು, ಏನೂ ಹೇಳುತ್ತಿಲ್ಲ. ಅಮ್ಮ ರಾತ್ರಿ ಜಪಸರ ಹಿಡಿದು ಅಳುತ್ತಾಳೆ. ಅದೇ ತಡೆಯಲಾಗುತ್ತಿಲ್ಲ.

ಉತ್ತರ 1: ಒಂದಕ್ಷರವೂ ಬರುವುದಿಲ್ಲ ಅನ್ನಬೇಡ ತಮ್ಮಾ. ಮನೆಯಲ್ಲಿ ಕೊಂಕಣಿ ಆಡ್ತೀಯಲ್ಲ? ಜನೇಲ್, ಚಾವಿ, ಪಗಾರ ಎಲ್ಲ ಪೋರ್ಚುಗೀಸಿನಿಂದಲೇ ಬಂದವು. ಜರ್ಮನ್ ಮಿಷನರಿ ಕಿಟೆಲ್ ಕೂಡ 1853ರಲ್ಲಿ ಇಲ್ಲಿಗೆ ಬಂದರು, ಅವರ ಕನ್ನಡ ನಿಘಂಟು ಹೊರಬಂದದ್ದು 1894ರಲ್ಲಿ. ಮೊದಲು ಕೇಳಿಸಿಕೊ, ಬೋಧನೆ ಆಮೇಲೆ.

ಉತ್ತರ 2: ನರ್ಸ್ ಆಗಿ ಹೇಳ್ತೇನೆ, ಹಳದಿ ಜ್ವರದ ಲಸಿಕೆ ಹೊರಡುವ 10 ದಿನ ಮೊದಲೇ ಆಗಬೇಕು. ಹಳದಿ ಕಾರ್ಡ್ (ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರ) ಪಾಸ್‌ಪೋರ್ಟಿನ ಜೊತೆಗೇ ಇರಲಿ. ಮಲೇರಿಯಾ ಮಾತ್ರೆ ಡಾಕ್ಟರನ್ನು ಕೇಳಿ ಶುರುಮಾಡು.

ಉತ್ತರ 3: ನನ್ನ ಮಗನೂ ಹೀಗೇ ಹೋದ. ಅಮ್ಮನಿಗೆ ವಿಡಿಯೋ ಕಾಲ್ ಈಗಲೇ ಕಲಿಸಪ್ಪಾ. ಅಪ್ಪನ ಜೊತೆ ಒಂದು ದಿನ ದೋಣಿಗೆ ಹೋಗು, ಅಲ್ಲಿ ಮಾತಾಡ್ತಾರೆ.