ಹೆಲ್ಪಿಂಗ್ ವರ್ಬ್ ಹಾಕಿದರೂ ವಾಕ್ಯ ತಪ್ಪು! ‘ಡಿಡ್ ಯು ರಿಸೀವ್ಡ್’ನಲ್ಲಿ ಏನು ತೊಂದರೆ?

ಪೀಣ್ಯ_ಸ್ಟೋರ್ಸ್:
ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಐಟಿಐ. ಹೋದ ತಿಂಗಳಿಂದ ಪುಣೆ ಆಫೀಸಿಗೆ ಮೇಲ್ ಬರೆಯುವ ಕೆಲಸವೂ ನನ್ನ ತಲೆಗೇ ಬಂದಿದೆ. ಫೋನಿನಲ್ಲಾದರೆ ಅರ್ಧಂಬರ್ಧ ಹಿಂದಿಯಲ್ಲಿ ಹೇಗೋ ನಿಭಾಯಿಸುತ್ತೇನೆ. ಬರೆಯಲು ಕೂತರೆ ಒಂದು ಸಾಲಿಗೆ ಹತ್ತು ನಿಮಿಷ.

ಸ್ಕೂಲಿನಲ್ಲಿ 24 ಹೆಲ್ಪಿಂಗ್ ವರ್ಬ್ ಬಾಯಿಪಾಠ ಮಾಡಿಸಿದ್ದರು. ಆಮ್, ಈಸ್, ಆರ್, ವಾಸ್, ವರ್ ಅಂತ ಶುರು ಮಾಡಿದರೆ ನೀಡ್, ಡೇರ್‌ವರೆಗೆ ಈಗಲೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ ಯಾವುದನ್ನು ಎಲ್ಲಿ ಹಾಕಬೇಕು ಅಂತ ಯಾರೂ ಹೇಳಲಿಲ್ಲ. ಅಥವಾ ಹೇಳಿದ ದಿನ ನಾನು ಕ್ಲಾಸಿಗೆ ಹೋಗಿರಲಿಲ್ಲ.

ಈ ವಾರ ನಾನು ಕಳಿಸಿದ ಸಾಲುಗಳನ್ನು ಹಾಗೇ ಹಾಕುತ್ತಿದ್ದೇನೆ, ನಗಬೇಡಿ.

‘ಡಿಡ್ ಯು ರಿಸೀವ್ಡ್ ದಿ ಬಾಕ್ಸ್?’
‘ಐ ಆಮ್ ಕಂಪ್ಲೀಟೆಡ್ ದಿ ಸ್ಟಾಕ್ ಚೆಕಿಂಗ್.’
‘ವೈ ಯು ಡಿಡ್ ನಾಟ್ ಸೆಂಟ್ ದಿ ಬಿಲ್?’
‘ಯುವರ್ ಡ್ರೈವರ್ ಮಸ್ಟ್ ನಾಟ್ ಕಮ್ ಟುಮಾರೋ.’

ಕೊನೆಯದಂತೂ ದೊಡ್ಡ ರಾದ್ಧಾಂತವಾಯಿತು. ನಾಳೆ ಲೋಡ್ ಇಲ್ಲ, ಡ್ರೈವರ್ ಬರಬೇಕಾಗಿಲ್ಲ ಅಂತ ಹೇಳಲು ಬರೆದಿದ್ದು. ಟ್ರಾನ್ಸ್‌ಪೋರ್ಟಿನವರು ಸೀದಾ ನಮ್ಮ ಮ್ಯಾನೇಜರಿಗೆ ಫೋನ್ ಮಾಡಿ, ನಮ್ಮ ಹುಡುಗ ಏನು ತಪ್ಪು ಮಾಡಿದ ಸಾರ್ ಅಂತ ಕೇಳಿದರಂತೆ. ಎಲ್ಲದರಲ್ಲೂ ಹೆಲ್ಪಿಂಗ್ ವರ್ಬ್ ಇದೆಯಲ್ಲ, ಮತ್ತೆ ತಪ್ಪಾಗುವುದು ಎಲ್ಲಿ?

ಬಿಎಂಟಿಸಿ_ಪಾಸ್:
ಗ್ರಾಮರ್ ಎಲ್ಲ ಬಿಡಿ ಬ್ರೋ. ದಿನಾ ಒಂದು ಇಂಗ್ಲಿಷ್ ಸಿನಿಮಾ ನೋಡಿ, ತಾನಾಗೇ ಬರುತ್ತದೆ.

ಪೀಣ್ಯ_ಸ್ಟೋರ್ಸ್:
ನಾಳೆ ಬೆಳಗ್ಗೆ 9 ಗಂಟೆಗೆ ಮೇಲ್ ಹೋಗಬೇಕು ಬ್ರೋ. ಅಷ್ಟರಲ್ಲಿ ಎಷ್ಟು ಸಿನಿಮಾ ನೋಡಲಿ?

ನಿವೃತ್ತ_ಮೇಷ್ಟ್ರು:
ಪಟ್ಟಿ ಉರು ಹೊಡೆಸಿದ ಪಾಪದಲ್ಲಿ ನನ್ನದೂ ಪಾಲಿದೆಯಪ್ಪಾ. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ. ಅದಕ್ಕೆ ಮುಂಚೆ ಐದನೇ ಕ್ಲಾಸಿನಲ್ಲಿ ಎಬಿಸಿಡಿ ಹಿಡಿಯುತ್ತಿದ್ದೆವು. ಹತ್ತಕ್ಕೆ ಬರುವಷ್ಟರಲ್ಲಿ ಪಟ್ಟಿ, ಪತ್ರ, ಪ್ರಬಂಧ, ಪರೀಕ್ಷೆ. ಅಷ್ಟೇ.

ಈಗ ನಿಮ್ಮ ಮೊದಲ ಸಾಲಿಗೆ ಬರೋಣ. ಇಂಗ್ಲಿಷ್ ಪಕ್ಕಕ್ಕಿಟ್ಟು ಕನ್ನಡದಲ್ಲೇ ಒಂದು ಕೆಲಸ ಮಾಡಿ. ‘ಬಾಕ್ಸ್ ಬಂತು.’ ಇದನ್ನು ಇಲ್ಲ ಅಂತ ಹೇಳಿ. ‘ಬಾಕ್ಸ್ ಬರಲಿಲ್ಲ’ ಅನ್ನುತ್ತೀರಿ, ‘ಬಂತಿಲ್ಲ’ ಅನ್ನುವುದಿಲ್ಲ ಅಲ್ವಾ? ‘ಬಂತು’ ಹೋಗಿ ‘ಬರಲು’ ಆಯಿತು, ಅದಕ್ಕೆ ‘ಇಲ್ಲ’ ಸೇರಿತು. ಅಂದರೆ ಪಕ್ಕಕ್ಕೆ ಸಹಾಯಕ್ಕೆ ಒಬ್ಬ ಬಂದ ಕೂಡಲೇ ಮೂಲ ಕ್ರಿಯಾಪದ ತನ್ನ ಭೂತಕಾಲವನ್ನು ಕಳಚಿಟ್ಟಿತು. ಇಂಗ್ಲಿಷಿನಲ್ಲೂ ಆಗುವುದು ಇದೇ. ‘ಕೇಮ್’ ಇದ್ದದ್ದು ‘ಡಿಡ್ ನಾಟ್ ಕಮ್’ ಆಗುತ್ತದೆ. ಭೂತಕಾಲದ ಹೊರೆಯನ್ನು ಡಿಡ್ ಹೊತ್ತಿದೆ, ಮತ್ತೆ ‘ಕೇಮ್’ ಯಾಕೆ? ಒಂದು ಸೀಟಿಗೆ ಕಂಡಕ್ಟರ್ ಎರಡು ಟಿಕೆಟ್ ಹರಿಯುವುದಿಲ್ಲ.

ಹಾಗಾದರೆ ಪ್ರಶ್ನೆ ಕೇಳುವಾಗ ಮಾತ್ರ ಎಲ್ಲರೂ ಯಾಕೆ ಎಡವುತ್ತಾರೆ? ಕನ್ನಡದ ಪ್ರಶ್ನೆ ಬಹಳ ಸುಲಭ, ಅದಕ್ಕೆ. ‘ಬಂತು’ ಅನ್ನುವುದಕ್ಕೆ ಬಾಲದಲ್ಲಿ ಒಂದು ‘ಆ’ ಅಂಟಿಸಿದರೆ ‘ಬಂತಾ?’ ಆಯಿತು. ಕ್ರಿಯಾಪದ ಜಾಗ ಬಿಟ್ಟು ಅಲ್ಲಾಡುವುದೇ ಇಲ್ಲ. ನೀವೂ ‘ರಿಸೀವ್ಡ್’ ಹಾಗೇ ಇಟ್ಟು ಮುಂದೆ ಒಂದು ಡಿಡ್ ಅಂಟಿಸಿದ್ದೀರಿ. ನಾನು ಮಕ್ಕಳಿಗೆ ಹೇಳುತ್ತಿದ್ದ ಉಪಾಯ ಇದು: ಡಿಡ್ ಹಾಕಿ ಕೇಳುವಾಗ ಮನಸ್ಸಿನಲ್ಲಿ ‘ಬಂತಾ’ ಅನ್ನಬೇಡಿ, ‘ಬರಲಿಲ್ಲವಾ’ ಅನ್ನಿ. ಆಗ ಕೈ ತಾನಾಗೇ ‘ಡಿಡ್ ಯು ರಿಸೀವ್’ ಅಂತ ಬರೆಯುತ್ತದೆ.

‘ಡಸ್’ದೂ ಇದೇ ಕತೆ. ‘ಹೀ ವರ್ಕ್ಸ್’ ಅನ್ನುವಾಗ ಬಾಲದಲ್ಲಿದ್ದ ಆ ‘ಸ್’ ಪ್ರಶ್ನೆಯಲ್ಲಿ ಹಾರಿ ಡಸ್ ಒಳಗೆ ಕೂರುತ್ತದೆ. ‘ಡಸ್ ಹೀ ವರ್ಕ್?’ ಸರಿ, ‘ಡಸ್ ಹೀ ವರ್ಕ್ಸ್’ ಅಂದರೆ ಮತ್ತೆ ಎರಡು ಟಿಕೆಟ್. ಅಂದ ಹಾಗೆ, ಪ್ರಶ್ನೆಗೆ ಈ ಡು, ಡಿಡ್ ಬೇಕೇ ಬೇಕು ಅನ್ನುವ ಹಟ ಇಂಗ್ಲಿಷಿನಲ್ಲಿ ಹುಟ್ಟಿನಿಂದ ಇದ್ದದ್ದಲ್ಲ. ಷೇಕ್ಸ್‌ಪಿಯರ್ ಕಾಲದಲ್ಲಿ ಕ್ರಿಯಾಪದವನ್ನೇ ಮುಂದೆ ತಂದೂ ಕೇಳುತ್ತಿದ್ದರು, ಡು ಹಾಕಿಯೂ ಕೇಳುತ್ತಿದ್ದರು. ಸುಮ್ನೆ ಹೇಳಿದೆ, ಪುಣೆಗೆ ಹಾಗೆ ಬರೆಯಬೇಡಿ.

ಪೇಡಾ_ಪ್ರಿಯ_ಧಾರವಾಡ:
ಸರ, ಒಂದು ಅಡ್ಡ ಪ್ರಶ್ನೆ. ‘ಬಂತಿಲ್ಲ’ ಇಲ್ಲ ಅಂದಿರಿ, ಖರೆ. ಆದರೆ ‘ಬಾಕ್ಸ್ ಬಂದಿಲ್ಲ’ ಅಂತೇವಲ್ಲ? ಅಲ್ಲಿ ‘ಬಂದು’ ಹಾಗೇ ಕೂತೈತಿ. ನಿಮ್ಮ ನಿಯಮ ಮುರೀತಲ್ರೀ.

ನಿವೃತ್ತ_ಮೇಷ್ಟ್ರು:
ಭಲೇ! ಮುರಿಯಲಿಲ್ಲ, ಇನ್ನೊಂದು ಬಾಗಿಲು ತೆರೆಯಿತು. ‘ನಿನ್ನೆ ಬರಲಿಲ್ಲ’, ‘ಇನ್ನೂ ಬಂದಿಲ್ಲ’. ಇವೆರಡನ್ನು ಅದಲು ಬದಲು ಮಾಡಿ ನೋಡಿ. ‘ಇನ್ನೂ ಬರಲಿಲ್ಲ’ ಅಂತ ಕೆಲವರು ಅನ್ನುತ್ತಾರೆ, ಆದರೆ ‘ನಿನ್ನೆ ಬಂದಿಲ್ಲ’ ಅಂದರೆ ಏನೋ ಸ್ವಲ್ಪ ಬೇರೆ ಥರ ಕೇಳಿಸುತ್ತದೆ. ಮೊದಲನೆಯದು ‘ಡಿಡ್ ನಾಟ್ ಕಮ್’. ಎರಡನೆಯದು ‘ಹ್ಯಾಸ್ ನಾಟ್ ಕಮ್’. ಡಿಡ್ ಜತೆಗೆ ಬರಿ ಮೂಲ ರೂಪ, ಹ್ಯಾಸ್ ಜತೆಗೆ ಮೂರನೇ ರೂಪ, ನಾವು ವಿ3 ಅಂತ ಕಲಿಸುವುದು. ‘ಕಮ್’ಗೆ ಎರಡೂ ಒಂದೇ ಆಗಿರುವುದರಿಂದ ಇಲ್ಲಿ ಗೊತ್ತಾಗುವುದಿಲ್ಲ. ‘ಡಿಡ್ ನಾಟ್ ಸೆಂಡ್’, ‘ಹ್ಯಾಸ್ ನಾಟ್ ಸೆಂಟ್’ ಪಕ್ಕ ಪಕ್ಕ ಇಟ್ಟರೆ ಕಾಣುತ್ತದೆ.

ಟ್ಯೂಷನ್_ಅಕ್ಕ:
ಮೇಷ್ಟ್ರು ಹ್ಯಾಸ್ ವಿಷಯ ತೆಗೆದರು, ಇನ್ನು ‘ಐ ಆಮ್ ಕಂಪ್ಲೀಟೆಡ್’ ನನಗೆ ಬಿಡಿ. ಸಂಜೆ ಟ್ಯೂಷನ್ನಿನಲ್ಲಿ ದಿನಾ ತಿದ್ದುವ ತಪ್ಪು ಇದು, ಅದರ ಬೇರು ನಮ್ಮ ಕನ್ನಡದಲ್ಲೇ ಇದೆ ಅಂತ ನನ್ನ ಅನಿಸಿಕೆ.

‘ಮುಗಿಸುತ್ತಿದ್ದೇನೆ.’ ಬಿಡಿಸಿದರೆ ಮುಗಿಸುತ್ತ, ಇದ್ದೇನೆ. ‘ಮುಗಿಸಿದ್ದೇನೆ.’ ಬಿಡಿಸಿದರೆ ಮುಗಿಸಿ, ಇದ್ದೇನೆ. ನೋಡಿದಿರಾ? ಎರಡಕ್ಕೂ ನಮ್ಮ ಸಹಾಯಕ ಒಬ್ಬನೇ, ‘ಇರು’. ಇಂಗ್ಲಿಷಿನವರು ಈ ಕೆಲಸವನ್ನು ಇಬ್ಬರಿಗೆ ಹಂಚಿದ್ದಾರೆ. ನಡೆಯುತ್ತಿರುವ ಕೆಲಸಕ್ಕೆ ಆಮ್, ಈಸ್, ಆರ್, ಜತೆಗೆ ‘ಇಂಗ್’. ಮುಗಿದ ಕೆಲಸಕ್ಕೆ ಹ್ಯಾವ್, ಹ್ಯಾಸ್, ಜತೆಗೆ ವಿ3. ನಾವು ‘ಇದ್ದೇನೆ’ ಅಂದ ಕೂಡಲೇ ಆಮ್ ಅಂತ ಬರೆದುಬಿಡುತ್ತೇವೆ, ಅಲ್ಲೇ ಎಡವಟ್ಟು.

ಹಾಗಾಗಿ ಬರೆಯುವ ಮುಂಚೆ ನಿಮ್ಮ ಕನ್ನಡ ವಾಕ್ಯವನ್ನು ಕಿವಿಗೊಟ್ಟು ಕೇಳಿ. ಒಳಗೆ ‘ತ್ತಿ’ ಕೇಳಿಸಿತಾ? ಆಮ್ ಮತ್ತು ಇಂಗ್: ‘ಐ ಆಮ್ ಚೆಕಿಂಗ್ ದಿ ಸ್ಟಾಕ್.’ ‘ತ್ತಿ’ ಇಲ್ಲದೆ ಬರಿ ‘ದ್ದೇನೆ’ ಕೇಳಿಸಿತಾ? ಹ್ಯಾವ್: ‘ಐ ಹ್ಯಾವ್ ಚೆಕ್ಡ್ ದಿ ಸ್ಟಾಕ್.’ ‘ಚೆಕ್ ಮಾಡುತ್ತಿದ್ದೆ’ಗೆ ವಾಸ್, ‘ಚೆಕ್ ಮಾಡಿದ್ದೆ’ಗೆ ಹ್ಯಾಡ್.

ಆಮ್, ಈಸ್ ಜತೆಗೆ ವಿ3 ಬರುವುದೇ ಇಲ್ಲ ಅಂತಲ್ಲ. ಆದರೆ ಆಗ ಕೆಲಸ ಮಾಡಿದವನನ್ನು ಬಿಟ್ಟು ಮಾಡಿಸಿಕೊಂಡದ್ದನ್ನು ಮುಂದೆ ಇಡಬೇಕು. ‘ದಿ ಚೆಕಿಂಗ್ ಈಸ್ ಕಂಪ್ಲೀಟೆಡ್.’ ‘ದಿ ಬಾಕ್ಸ್ ವಾಸ್ ಸೆಂಟ್.’ ಮುಗಿದದ್ದು ಚೆಕಿಂಗು, ನೀವಲ್ಲ!

ಒಂದು ಕಡೆ ಮಾತ್ರ ಈ ಕಿವಿ ಪರೀಕ್ಷೆ ಕೈಕೊಡುತ್ತದೆ, ಎಚ್ಚರ. ‘ನಿನ್ನೆ ಬಾಕ್ಸ್ ಕಳಿಸಿದ್ದೇನೆ’ ಅನ್ನುವುದು ಕನ್ನಡದಲ್ಲಿ ಆರಾಮಾಗಿ ನಡೆಯುತ್ತದೆ. ಇಂಗ್ಲಿಷಿನಲ್ಲಿ ನಿನ್ನೆ, ಹೋದ ವಾರ, ಸೋಮವಾರ ಅಂತ ಮುಗಿದ ಸಮಯ ಹೇಳಿದರೆ ಹ್ಯಾವ್ ಕೂರುವುದಿಲ್ಲ. ‘ಐ ಸೆಂಟ್ ದಿ ಬಾಕ್ಸ್ ಯೆಸ್ಟರ್ಡೇ.’ ಹೆಲ್ಪಿಂಗ್ ವರ್ಬೇ ಬೇಡ. ಆಫೀಸ್ ಮೇಲ್‌ಗಳಲ್ಲಿ ನಾನು ಅತಿ ಜಾಸ್ತಿ ನೋಡಿರುವ ತಪ್ಪು ಇದು, ದೊಡ್ಡ ದೊಡ್ಡ ಡಿಗ್ರಿಯವರದ್ದೂ.

ಬಿಎಂಟಿಸಿ_ಪಾಸ್:
ಅಕ್ಕಾ, ನಾನೂ ನಿನ್ನೆಯೇ ‘ಐ ಹ್ಯಾವ್ ಅಪ್ಲೈಡ್ ಲಾಸ್ಟ್ ವೀಕ್’ ಅಂತ ಕಳಿಸಿದೆ. ಸಿನಿಮಾ ಮಾತು ವಾಪಸ್ ತಗೊಂಡೆ.

ಪೀಣ್ಯ_ಸ್ಟೋರ್ಸ್:
ಅಕ್ಕಾ, ‘ತ್ತಿ’ ವಿಷಯ ಗೋಡೆಗೆ ಬರೆದು ಅಂಟಿಸಿದೆ. ಆದರೆ ಡ್ರೈವರ್ ಸಾಲು ಬಾಕಿ ಇದೆ. ಮಸ್ಟ್ ಅಂದರೆ ‘ಬೇಕು’, ನಾಟ್ ಅಂದರೆ ‘ಇಲ್ಲ’, ಎರಡೂ ಸೇರಿದರೆ ‘ಬೇಕಾಗಿಲ್ಲ’ ತಾನೇ?

ಟ್ಯೂಷನ್_ಅಕ್ಕ:
ಲೆಕ್ಕ ಸರಿ ಅನಿಸುತ್ತದೆ, ಉತ್ತರ ತಪ್ಪು. ಕನ್ನಡದಲ್ಲಿ ‘ಬರಬೇಕು’ಗೆ ಎರಡು ಥರದ ‘ಇಲ್ಲ’ ಇದೆ. ‘ಬರಬಾರದು’ ಅಂದರೆ ತಡೆದ ಹಾಗೆ, ‘ಬರಬೇಕಾಗಿಲ್ಲ’ ಅಂದರೆ ಬಿಟ್ಟುಕೊಟ್ಟ ಹಾಗೆ. ಮಸ್ಟ್ ನಾಟ್ ಅಂದರೆ ಬಾರದು. ಪಾಪ, ಟ್ರಾನ್ಸ್‌ಪೋರ್ಟಿನವರು ನೀವು ಬರೆದದ್ದನ್ನು ಸರಿಯಾಗೇ ಓದಿದ್ದಾರೆ! ‘ಬೇಕಾಗಿಲ್ಲ’ಕ್ಕೆ ‘ನೀಡ್ ನಾಟ್ ಕಮ್’ ಅಥವಾ ‘ಡಸ್ ನಾಟ್ ಹ್ಯಾವ್ ಟು ಕಮ್’.

ಉಳಿದಂತೆ ಈ ಮಸ್ಟ್, ಕ್ಯಾನ್, ಶುಡ್ ಗುಂಪು ನಮ್ಮ ‘ಬೇಕು’, ‘ಬಹುದು’ಗಳ ಥರದ್ದೇ. ನಾನು ಬರಬಹುದು, ಅವನು ಬರಬಹುದು, ಅವರು ಬರಬಹುದು. ಯಾರಿಗೂ ‘ಬಹುದು’ ಬದಲಾಗುವುದಿಲ್ಲ. ಕ್ಯಾನ್ ಕೂಡ ಹಾಗೇ, ‘ಹೀ ಕ್ಯಾನ್ಸ್’ ಇಲ್ಲ. ಹಿಂದೆ ಟು ಸಿಕ್ಕಿಸಬೇಡಿ, ‘ಮಸ್ಟ್ ಟು ಸೆಂಡ್’ ತಪ್ಪು. ‘ಕ್ಯಾನ್ ಏಬಲ್ ಟು’ ಅಂತೂ ಬೇಡವೇ ಬೇಡ, ಎರಡರ ಅರ್ಥವೂ ಒಂದೇ. ‘ಕಳಿಸಬೇಕಿತ್ತು’ಗೆ ‘ಶುಡ್ ಹ್ಯಾವ್ ಸೆಂಟ್’, ‘ಕಳಿಸಬಹುದಿತ್ತು’ಗೆ ‘ಕುಡ್ ಹ್ಯಾವ್ ಸೆಂಟ್’. ಬೈಸಿಕೊಂಡಾಗ ಉಪಯೋಗಕ್ಕೆ ಬರುತ್ತದೆ.

ಇನ್ನು ಬಿಲ್ ಕೇಳಿದ ಸಾಲು. ‘ವೈ’ ಪಕ್ಕಕ್ಕೆ ಹೆಲ್ಪಿಂಗ್ ವರ್ಬ್ ಬರಬೇಕು, ಆಮೇಲೆ ‘ಯು’. ‘ವೈ ಡಿಡ್ ಯು ನಾಟ್ ಸೆಂಡ್ ದಿ ಬಿಲ್?’ ಗ್ರಾಮರ್ ಸರಿ ಆಯಿತು. ಆದರೂ ಹಾಗೆ ಕಳಿಸಬೇಡಿ, ‘ಬಿಲ್ ಯಾಕ್ರೀ ಕಳಿಸಲಿಲ್ಲ’ ಅಂತ ಗದರಿಸಿದ ಹಾಗಿರುತ್ತದೆ. ‘ಕುಡ್ ಯು ಪ್ಲೀಸ್ ಸೆಂಡ್ ದಿ ಬಿಲ್?’ ಅನ್ನಿ. ಇಲ್ಲಿ ಕುಡ್ ಭೂತಕಾಲ ಅಲ್ಲ, ಮರ್ಯಾದೆ. ನಾವು ಒಬ್ಬರಿಗೇ ‘ನೀವು’ ಅನ್ನುವುದಿಲ್ಲವೇ, ಹಾಗೆ.

ಪೀಣ್ಯ_ಸ್ಟೋರ್ಸ್:
ಈಗ ಬರೆದದ್ದು ನೋಡಿ, 9ಕ್ಕೆ ಇದೇ ಹೋಗುತ್ತದೆ.

‘ಐ ಹ್ಯಾವ್ ಕಂಪ್ಲೀಟೆಡ್ ದಿ ಸ್ಟಾಕ್ ಚೆಕಿಂಗ್. ಐ ಸೆಂಟ್ ದಿ ಬಾಕ್ಸ್ ಆನ್ ಮಂಡೇ. ಡಿಡ್ ಯು ರಿಸೀವ್ ಇಟ್? ಹೂ ಡಿಡ್ ಸೈನ್ ದಿ ಚಲನ್? ಕುಡ್ ಯು ಪ್ಲೀಸ್ ಸೆಂಡ್ ದಿ ಬಿಲ್?’

ನಿವೃತ್ತ_ಮೇಷ್ಟ್ರು:
ನೂರಕ್ಕೆ ತೊಂಬತ್ತು! ‘ಹೂ ಡಿಡ್ ಸೈನ್’ ಒಂದನ್ನು ಬದಲಾಯಿಸಿ, ‘ಹೂ ಸೈನ್ಡ್ ದಿ ಚಲನ್?’ ಮಾಡಿ. ಅಲ್ಲಿ ಸೈನ್ ಹಾಕಿದವನೇ ‘ಹೂ’. ಅವನು ಆಗಲೇ ವಾಕ್ಯದ ಮೊದಲಲ್ಲಿ ಕೂತಿದ್ದಾನೆ, ದಾರಿ ಮಾಡಿಕೊಡಲು ಡಿಡ್ ಬೇಕಿಲ್ಲ. ಡಿಡ್ ಬರಲಿಲ್ಲ ಅಂದರೆ ಭೂತಕಾಲ ಕ್ರಿಯಾಪದದಲ್ಲೇ ಉಳಿಯಬೇಕು, ಅದಕ್ಕೇ ಸೈನ್ಡ್. ಹಾಗಂತ ‘ನೀವು ಯಾರನ್ನು ಕರೆದಿರಿ’ ಅಂತ ಕೇಳುವಾಗ ಕರೆದದ್ದು ‘ಯು’, ಅಲ್ಲಿ ಡಿಡ್ ಬೇಕು: ‘ಹೂ ಡಿಡ್ ಯು ಕಾಲ್?’

ಪೀಣ್ಯ_ಸ್ಟೋರ್ಸ್:
ತಿದ್ದಿ ಕಳಿಸಿದೆ ಮೇಷ್ಟ್ರೇ. ಹತ್ತೂವರೆಗೆ ಉತ್ತರ ಬಂತು: ‘ಸೆಕ್ಯುರಿಟಿ ಸೈನ್ಡ್ ಇಟ್.’ ಬಾಕ್ಸ್ ಸೋಮವಾರದಿಂದ ಅವರ ಗೇಟಿನ ಕ್ಯಾಬಿನ್ನಿನಲ್ಲೇ ಬಿದ್ದಿತ್ತಂತೆ. ಬಿಲ್ ಮಾತ್ರ ಇನ್ನೂ ಬಂದಿಲ್ಲ. ಹ್ಯಾಸ್ ನಾಟ್ ಕಮ್.