ಮಗುವಿನ ಚಿತ್ರ ಯಾರದು? ಯುರೋಪಿನ ನಮ್ಮ ದಿನಚರಿ ಮತ್ತು ಊರಿನ ಕಣ್ಣುಗಳು

ನೆಕ್ಕಾರ್ ತೀರದವಳು (ಸ್ಟುಟ್‌ಗಾರ್ಟ್)

ಕಳೆದ ನವೆಂಬರಿನಲ್ಲಿ ನನ್ನ ಮಗಳಿಗೆ ಐದು ತುಂಬಿತು. ಅವಳ ಶಿಶುವಿಹಾರದ ಏಳು ಮಕ್ಕಳನ್ನು ಮನೆಗೆ ಕರೆದಿದ್ದೆವು. ಮೇಣದಬತ್ತಿ ಊದಲು ಎಂಟೂ ತಲೆಗಳು ಕೇಕಿನ ಮೇಲೆ ಒಟ್ಟಿಗೆ ಬಾಗಿದ ಕ್ಷಣವನ್ನು ಮೊಬೈಲಿನಲ್ಲಿ ಹಿಡಿದು, ಅಂದು ರಾತ್ರಿಯೇ ಫೇಸ್‌ಬುಕ್ಕಿಗೆ ಹಾಕಿದೆ. ಮರುದಿನ ಸಂಜೆ ಮಗಳನ್ನು ಕರೆತರಲು ಹೋದಾಗ, ಆ ಮಕ್ಕಳಲ್ಲಿ ಒಬ್ಬಳ ತಾಯಿ ನನ್ನನ್ನು ಕೋಟು ತೂಗುಹಾಕುವ ಮೂಲೆಗೆ ಕರೆದು, "ಆ ಚಿತ್ರದಲ್ಲಿ ನನ್ನ ಮಗಳೂ ಇದ್ದಾಳೆ, ದಯವಿಟ್ಟು ತೆಗೆದುಬಿಡಿ" ಎಂದು ತಗ್ಗಿದ ದನಿಯಲ್ಲಿ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅಲ್ಲಿಯೇ ನಿಂತು ಅಳಿಸಿದೆ. ಆದರೆ ಮನೆಗೆ ಬರುವಾಗ ಟ್ರಾಮಿನಲ್ಲಿ ಕುಳಿತಷ್ಟು ಹೊತ್ತೂ ನನ್ನ ಮುಖ ಸುಡುತ್ತಿತ್ತು.

ಆ ದಿನ ಅವಮಾನವೆಂದು ತೋರಿದ ಮಾತು ತಿಂಗಳು ಕಳೆದಂತೆ ನನಗೆ ನ್ಯಾಯವಾಗಿ ಕಾಣತೊಡಗಿದೆ. ಮಗಳನ್ನು ಶಿಶುವಿಹಾರಕ್ಕೆ ಸೇರಿಸುವಾಗ, ಅವಳ ಚಿತ್ರವನ್ನು ಗೋಡೆಯ ಮೇಲೆ ಅಂಟಿಸಬಹುದೇ, ಜಾಲತಾಣದಲ್ಲಿ ಹಾಕಬಹುದೇ ಎಂದು ಬೇರೆಬೇರೆಯಾಗಿ ಕೇಳಿದ ಅರ್ಜಿಯೊಂದಕ್ಕೆ ನಾನೇ ಸಹಿ ಮಾಡಿದ್ದೆ. ಸಂಸ್ಥೆಯೊಂದು ನನ್ನ ಮಗುವಿಗೆ ತೋರಿದ ಗೌರವವನ್ನು ನಾನು ಇನ್ನೊಬ್ಬರ ಮಗುವಿಗೆ ತೋರಲಿಲ್ಲವೆಂಬುದು ಈಗ ಚುಚ್ಚುತ್ತದೆ. ಅಂದಿನಿಂದ ಮಕ್ಕಳ ಚಿತ್ರಗಳನ್ನು ಹಾಕುವುದನ್ನು ಪೂರ್ತಿ ನಿಲ್ಲಿಸಿದ್ದೇನೆ. ಊರಿನಲ್ಲಿರುವ ನಮ್ಮ ಅತ್ತೆಯವರು ಮಾತ್ರ ಪ್ರತಿ ಭಾನುವಾರ, "ಯಾಕಮ್ಮ, ಮಗುವಿನ ಮುಖವನ್ನೇ ತೋರಿಸುತ್ತಿಲ್ಲವಲ್ಲ, ನಮ್ಮ ಕಣ್ಣೇ ತಾಗೀತೆಂದು ಭಯವೇ?" ಎಂದು ಕೇಳುತ್ತಾರೆ. ಅವರಿಗೆ ಏನೆಂದು ಉತ್ತರಿಸಲಿ? ಇಲ್ಲಿರುವ ಹಿರಿಯರೂ ಸಮಾನ ವಯಸ್ಕರೂ ತಮ್ಮ ಅನುಭವ ಹೇಳಬೇಕೆಂದು ಕೋರುತ್ತೇನೆ.

ಮೈನ್ ದಡದ ಓದುಗ (ಫ್ರಾಂಕ್‌ಫರ್ಟ್)

ಆ ತಾಯಿ ತಮ್ಮಲ್ಲಿ ಕೇಳಿಕೊಂಡದ್ದು ಕೃಪೆಯನ್ನಲ್ಲ, ಹಕ್ಕನ್ನು. ದತ್ತಾಂಶ ರಕ್ಷಣೆಯ, ಅಂದರೆ ಜನರ ಖಾಸಗಿ ಮಾಹಿತಿಯನ್ನು ಕಾಯುವ ಕೆಲಸವೇ ನನ್ನ ಅನ್ನವಾಗಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಕ್ಷಮೆಯಿರಲಿ.

ಈ ಹಕ್ಕಿನ ಬೇರು ಮೊಬೈಲಿಗಿಂತ ತುಂಬ ಹಳೆಯದು. 1898ರ ಜುಲೈ 30ರಂದು ಜರ್ಮನಿಯ ಮಾಜಿ ಚಾನ್ಸಲರ್ ಬಿಸ್ಮಾರ್ಕ್ ಹ್ಯಾಂಬುರ್ಗ್ ಬಳಿಯ ತಮ್ಮ ಮನೆಯಲ್ಲಿ ತೀರಿಕೊಂಡಾಗ, ಇಬ್ಬರು ಛಾಯಾಗ್ರಾಹಕರು ಆ ರಾತ್ರಿ ಗುಟ್ಟಾಗಿ ಒಳಹೊಕ್ಕು, ಹಾಸಿಗೆಯ ಮೇಲಿದ್ದ ಶವದ ಚಿತ್ರ ತೆಗೆದು ಅದನ್ನು ಮಾರಲು ಹೊರಟರು. ಕುಟುಂಬದವರು ನ್ಯಾಯಾಲಯದ ಮೂಲಕ ಅದನ್ನು ತಡೆದರು, ಆದರೆ ಮನುಷ್ಯನಿಗೆ ತನ್ನ ಚಿತ್ರದ ಮೇಲೆ ಹಕ್ಕಿದೆ ಎನ್ನುವ ಕಾನೂನೇ ಇಲ್ಲದ ಕಾರಣ ನ್ಯಾಯಾಧೀಶರು ಅಕ್ರಮ ಪ್ರವೇಶದ ನೆಲೆಯನ್ನು ಹಿಡಿಯಬೇಕಾಯಿತು. ಆ ಕೊರತೆಯನ್ನು ತುಂಬಿದ್ದು 1907ರ ಕಾನೂನು. ಅದರ 22ನೆಯ ಕಲಮಿನ ಪ್ರಕಾರ, ಚಿತ್ರದಲ್ಲಿರುವವರ ಒಪ್ಪಿಗೆಯಿಲ್ಲದೆ ಅದನ್ನು ಹಂಚುವಂತಿಲ್ಲ, ಸಾರ್ವಜನಿಕವಾಗಿ ಪ್ರದರ್ಶಿಸುವಂತಿಲ್ಲ. ವ್ಯಕ್ತಿ ತೀರಿಕೊಂಡ ಮೇಲೂ 10 ವರ್ಷಗಳ ಕಾಲ ಆಪ್ತರ ಒಪ್ಪಿಗೆ ಬೇಕು. ಆ ಕಲಮು ಇಂದಿಗೂ ಜಾರಿಯಲ್ಲಿದೆ. ಜಗತ್ತಿನ ಮೊದಲ ದತ್ತಾಂಶ ರಕ್ಷಣಾ ಕಾನೂನು ಬಂದದ್ದು ಕೂಡ ನಾನಿರುವ ಹೆಸ್ಸೆನ್ ರಾಜ್ಯದಲ್ಲಿಯೇ, 1970ರಲ್ಲಿ. ಮುಂದೆ 1983ರಲ್ಲಿ, ಜನಗಣತಿಯ ವಿರುದ್ಧ ಜನರು ಸಲ್ಲಿಸಿದ ದೂರಿನ ಮೇಲೆ ತೀರ್ಪು ನೀಡುತ್ತ, ತನ್ನ ಮಾಹಿತಿ ಯಾರ ಕೈಗೆ ಹೋಗಬೇಕೆಂದು ನಿರ್ಧರಿಸುವ ಹಕ್ಕು ಮನುಷ್ಯನ ಘನತೆಯ ಭಾಗವೆಂದು ಇಲ್ಲಿನ ಸಂವಿಧಾನ ನ್ಯಾಯಾಲಯ ಹೇಳಿತು.

2018ರ ಮೇ 25ರಿಂದ ಜಾರಿಯಾದ ಯುರೋಪಿನ ಸಾಮಾನ್ಯ ದತ್ತಾಂಶ ರಕ್ಷಣಾ ನಿಯಮ (ಜಿಡಿಪಿಆರ್) ಮನೆಯೊಳಗಿನ ಖಾಸಗಿ ಬಳಕೆಗೆ ವಿನಾಯಿತಿ ಕೊಡುತ್ತದೆ ಎಂಬುದನ್ನೂ ಮರೆಯಬಾರದು. ತಾವು ಅತ್ತೆಯವರಿಗೆ ನೇರವಾಗಿ ಕಳಿಸುವ ಚಿತ್ರ ಬೇರೆ, ಜಗತ್ತಿಗೆ ತೆರೆದಿಟ್ಟ ಚಿತ್ರ ಬೇರೆ. ಸ್ವೀಡನ್ನಿನ ಚರ್ಚೊಂದರಲ್ಲಿ ಸೇವೆ ಮಾಡುತ್ತಿದ್ದ ಮಹಿಳೆಯೊಬ್ಬರು ತಮ್ಮ ಜೊತೆಗಾರರನ್ನು ಪರಿಚಯಿಸುತ್ತ, ಒಬ್ಬಾಕೆ ಕಾಲಿಗೆ ಪೆಟ್ಟಾಗಿ ಅರ್ಧ ದಿನವಷ್ಟೇ ಕೆಲಸ ಮಾಡುತ್ತಿದ್ದಾರೆಂದು ತಮ್ಮ ಪುಟದಲ್ಲಿ ಬರೆದಿದ್ದರು. ಬರೆದದ್ದು ಪ್ರೀತಿಯಿಂದಲೇ. ಆದರೂ ಲೆಕ್ಕವಿಲ್ಲದಷ್ಟು ಜನರ ಮುಂದೆ ಇಟ್ಟದ್ದು ಮನೆಯ ಖಾಸಗಿ ವ್ಯವಹಾರವಾಗದೆಂದು ಯುರೋಪಿನ ನ್ಯಾಯಾಲಯ 2003ರಲ್ಲಿ ತೀರ್ಮಾನಿಸಿತು.

ಶಿರಸಿಯ ಅಜ್ಜಿ

ನೆಕ್ಕಾರ್ ತೀರದ ತಂಗಿಯ ಪ್ರಶ್ನೆಗೆ ನಾನು ಅತ್ತೆಯ ಕಡೆಯಿಂದ ಉತ್ತರಿಸಬೇಕು, ಏಕೆಂದರೆ ನನ್ನ ಮಗ, ಸೊಸೆ, ಎಂಟು ವರ್ಷದ ಮೊಮ್ಮಗ ಇರುವುದು ಜರ್ಮನಿಯಲ್ಲಿಯೇ. ನಾನು ಮೊಮ್ಮಗನನ್ನು ಎತ್ತಿಕೊಂಡದ್ದು ಅವನು ಹುಟ್ಟಿದ ಮೇಲೆ ಒಟ್ಟು ಮೂರು ಬಾರಿ. ಉಳಿದ ಕಾಲವೆಲ್ಲ ಅವನು ನನಗೆ ಬೆಳೆದದ್ದು ಮೊಬೈಲಿನ ಗಾಜಿನ ಮೇಲೆ. ಶಾಲೆಯ ಮೊದಲ ದಿನ ಅವನು ತನ್ನಷ್ಟೇ ಎತ್ತರದ ಕಾಗದದ ಶಂಕುವೊಂದನ್ನು ತಬ್ಬಿ ನಿಂತ ಚಿತ್ರ ಬಂತು. ಅದರ ತುಂಬ ಮಿಠಾಯಿಯೂ ಪೆನ್ಸಿಲೂ ಇರುತ್ತವೆ, ಇಲ್ಲಿನ ಸಂಪ್ರದಾಯ ಎಂದು ಸೊಸೆ ಬರೆದಿದ್ದಳು. ನನ್ನ ಕಣ್ಣು ಶಂಕುವಿನ ಮೇಲಿರಲಿಲ್ಲ. ಅಂಗಿಯ ತೋಳು ಮಣಿಕಟ್ಟಿನಿಂದ ಎರಡು ಬೆರಳು ಮೇಲೆ ನಿಂತಿತ್ತು. ಹಿಂದಿನ ದೀಪಾವಳಿಗೆ ನಾನೇ ಹೊಲಿಸಿ ಕಳಿಸಿದ ಅಂಗಿ ಅದು. ಹುಡುಗ ಅಷ್ಟು ಬೆಳೆದಿದ್ದಾನೆಂದು ನನಗೆ ಆ ತೋಳು ಹೇಳಿತು. ಮಗ ದೂರವಾಣಿಯಲ್ಲಿ ಅದನ್ನೆಲ್ಲ ಹೇಳುವವನಲ್ಲ.

ಆದ್ದರಿಂದ ಕಾನೂನಿನ ವಿಚಾರ ಓದುವಾಗ ನನಗೆ ಮೊದಲು ಭಯವೇ ಆಯಿತು. ನೂರಾರು ವರ್ಷ ತಮ್ಮವರ ನಡುವೆಯೇ ಬದುಕಿದ ಜನರು ಮಾಡಿಕೊಂಡ ನಿಯಮವನ್ನು, ಏಳು ಸಾವಿರ ಕಿಲೋಮೀಟರ್ ಆಚೆಯಿಂದ ಮೊಮ್ಮಕ್ಕಳನ್ನು ನೋಡಬೇಕಾದ ನಮ್ಮಂಥವರ ಮೇಲೆ ಹೇರಿದರೆ ನಾವೇನು ಮಾಡಬೇಕು?

ಡೆಲ್ಫ್ಟ್ ವಿದ್ಯಾರ್ಥಿ (ನೆದರ್ಲೆಂಡ್ಸ್)

ಅಜ್ಜಿ, ತಮ್ಮ ಮಾತು ಓದಿ ಇಲ್ಲಿ ನಡೆದ ಪ್ರಕರಣವೊಂದು ನೆನಪಾಯಿತು. ಹೇಲ್ಡರ್‌ಲಾಂಡ್ ಪ್ರಾಂತ್ಯದಲ್ಲಿ ಅಜ್ಜಿಯೊಬ್ಬರು ಮೊಮ್ಮಕ್ಕಳ ಚಿತ್ರಗಳನ್ನು ಫೇಸ್‌ಬುಕ್ ಮತ್ತು ಪಿಂಟರೆಸ್ಟ್‌ನಲ್ಲಿ ಹಾಕಿದ್ದರು. ಮಕ್ಕಳ ತಾಯಿ, ಅಂದರೆ ಅವರ ಸ್ವಂತ ಮಗಳೇ, ತೆಗೆಯಿರೆಂದು ಕೇಳಿದರೂ ಅವರು ಒಪ್ಪಲಿಲ್ಲ. ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ, ತೆಗೆಯದಿದ್ದರೆ ದಿನಕ್ಕೆ 50 ಯೂರೊ, ಗರಿಷ್ಠ 1,000 ಯೂರೊ ದಂಡವೆಂದು 2020ರ ಮೇ ತಿಂಗಳಿನಲ್ಲಿ ಆದೇಶವಾಯಿತು. ತಾಯಿ ಮತ್ತು ಮಗಳು ಮೊದಲೇ ದೂರವಾಗಿದ್ದರು. ಹೀಗಾಗಿ ಆ ಚಿತ್ರಗಳೇ ಅಜ್ಜಿಗೆ ಮೊಮ್ಮಕ್ಕಳಾಗಿದ್ದಿರಬೇಕೆಂದು ನನಗೆ ಅನ್ನಿಸಿತ್ತು. ಕಾನೂನಿನ ಪ್ರಕಾರ ತೀರ್ಪು ಸರಿ. ನನ್ನ ಮನಸ್ಸು ಮಾತ್ರ ಅಜ್ಜಿಯ ಪಕ್ಕದಲ್ಲಿಯೇ ನಿಂತಿದೆ.

ಮೈನ್ ದಡದವರು ಹೇಳಿದ ಇತಿಹಾಸವನ್ನು ಗೌರವಿಸುತ್ತಲೇ, ಈ ಎಚ್ಚರ ಅಳತೆ ಮೀರುವುದೂ ಉಂಟೆಂದು ಹೇಳಬಯಸುತ್ತೇನೆ. 2010ರಲ್ಲಿ ಗೂಗಲ್ ಜರ್ಮನಿಯ 20 ನಗರಗಳ ಬೀದಿಚಿತ್ರಗಳನ್ನು (ಸ್ಟ್ರೀಟ್ ವ್ಯೂ) ಜಾಲದಲ್ಲಿ ಹಾಕಲು ಹೊರಟಾಗ, ಸುಮಾರು 2,44,000 ಮನೆಗಳವರು ತಮ್ಮ ಮನೆಯ ಮುಂಭಾಗವನ್ನು ಮಸುಕು ಮಾಡಬೇಕೆಂದು ಬರೆದುಕೊಂಡರು. ಬೀದಿಗೆ ಎದುರಾಗಿ ನಿಂತ ಗೋಡೆಯಲ್ಲಿ ಮುಚ್ಚಿಡುವಂಥದ್ದು ಏನಿದೆ? ಇಲ್ಲಿ ಡೆಲ್ಫ್ಟ್‌ನಲ್ಲಿ ಸಂಜೆ ಕಾಲುವೆಯ ಪಕ್ಕ ನಡೆದರೆ, ಪರದೆ ಎಳೆಯದ ದೊಡ್ಡ ಕಿಟಕಿಗಳಲ್ಲಿ ದೀಪ, ಪುಸ್ತಕದ ಕಪಾಟು, ಊಟಕ್ಕೆ ಕುಳಿತ ಮನೆಮಂದಿ ಎಲ್ಲವೂ ಕಾಣುತ್ತವೆ. ಯಾರೂ ನಿಂತು ದಿಟ್ಟಿಸುವುದಿಲ್ಲ, ಯಾರೂ ಅಡಗಿಕೊಳ್ಳುವುದಿಲ್ಲ. ಆ ಸಹಜತೆ ನನಗೆ ಹೆಚ್ಚು ಇಷ್ಟ.

ನನ್ನ ದೊಡ್ಡ ಚಿಂತೆ ಇನ್ನೊಂದು. ಮಕ್ಕಳ ಮುಖಕ್ಕಿಂತ ಹೆಚ್ಚು ಹಾನಿ ಮಾಡುವುದು ನಮ್ಮದೇ ಬದುಕಿನ ಆರಿಸಿದ ಚಿತ್ರಗಳು. ಬಂದ ಮೊದಲ ವಸಂತದಲ್ಲಿ ನಾನು ಕ್ಯೂಕೆನ್‌ಹಾಫ್‌ನ ಟ್ಯೂಲಿಪ್ ತೋಟದಲ್ಲಿ ನಿಂತ ಚಿತ್ರ ಹಾಕಿದೆ. ಆಗ ನನಗೆ ಇರಲು ಕೋಣೆಯೇ ಇರಲಿಲ್ಲ. ಬಾಡಿಗೆ ಜಾಹೀರಾತುಗಳಲ್ಲಿ 'ವಿದೇಶಿ ವಿದ್ಯಾರ್ಥಿಗಳು ಬೇಡ' ಎಂದು ನೇರವಾಗಿ ಬರೆದಿರುತ್ತಿದ್ದರು. ಕೊನೆಗೆ ಗುಂಪೊಂದರಲ್ಲಿ ಕಂಡ ಕೋಣೆಗೆ ಮುಂಗಡವೆಂದು 900 ಯೂರೊ ಕಳಿಸಿ, ಆ ವಿಳಾಸಕ್ಕೆ ಹೋಗಿ ಗಂಟೆ ಒತ್ತಿದಾಗ, ಬಾಗಿಲು ತೆರೆದ ಮುದುಕರಿಗೆ ಆ ವಿಷಯವೇ ತಿಳಿದಿರಲಿಲ್ಲ. ಅವರು ನನ್ನನ್ನು ಒಳಗೆ ಕೂರಿಸಿ ಕಾಫಿ ಕೊಟ್ಟರು. ಒಂದೂವರೆ ತಿಂಗಳು ಗೆಳೆಯನ ಕೋಣೆಯ ನೆಲದ ಮೇಲೆ ಮಲಗಿದೆ. ಮರುವರ್ಷ ದಾವಣಗೆರೆಯ ನನ್ನ ಕಾಲೇಜಿನ ಇಬ್ಬರು ಕಿರಿಯರು, ನನ್ನ ಟ್ಯೂಲಿಪ್ ಚಿತ್ರ ನೋಡಿ ಇಲ್ಲಿ ಎಲ್ಲವೂ ಸಲೀಸೆಂದು ನಂಬಿ, ಕೋಣೆ ಗೊತ್ತುಮಾಡಿಕೊಳ್ಳದೆ ಬಂದಿಳಿದರು. ಆ ತಪ್ಪಿನಲ್ಲಿ ನನ್ನ ಪಾಲಿದೆ.

ಲೀಪ್‌ಜಿಗ್ ನಿವಾಸಿ

ಡೆಲ್ಫ್ಟ್‌ನ ತಮ್ಮ, ಮನೆಯ ಗೋಡೆಯಲ್ಲಿ ಮುಚ್ಚಿಡುವಂಥದ್ದು ಏನಿದೆ ಎಂದು ಕೇಳಿದ್ದೀರಿ. ಈ ಊರಿಗೆ ಬಂದ ಹೊಸದರಲ್ಲಿ ನಾನೂ ಅದನ್ನೇ ಕೇಳುತ್ತಿದ್ದೆ. ಉತ್ತರ ಸಿಕ್ಕಿದ್ದು ನಮ್ಮ ಕೆಳಮನೆಯ ಹಿರಿಯ ಮಹಿಳೆಯಿಂದ.

ಪೂರ್ವ ಜರ್ಮನಿಯ ಗುಪ್ತ ಪೊಲೀಸರಾದ ಸ್ಟಾಸಿಯವರು ಜನರ ಬಗ್ಗೆ ಇಟ್ಟಿದ್ದ ಕಡತಗಳನ್ನು 1992ರ ಜನವರಿಯಿಂದ ಆಯಾ ವ್ಯಕ್ತಿಗಳೇ ಓದುವ ಅವಕಾಶ ಸಿಕ್ಕಿತು. ನನ್ನ ನೆರೆಯವರೂ ಅರ್ಜಿ ಹಾಕಿ ಓದಿದರು. ಅವರ ಕಡತದಲ್ಲಿ ಅವರದೇ ಮನೆಯ ಬಾಗಿಲಿನ ನಾಲ್ಕು ಕಪ್ಪು ಬಿಳುಪು ಚಿತ್ರಗಳಿದ್ದವಂತೆ. ಬೀದಿಯಿಂದಲೇ ತೆಗೆದವು, ಯಾರಿಗಾದರೂ ಕಾಣುವಂಥವು. ಒಂದರಲ್ಲಿ ಅವರು ಹಾಲಿನ ಬಾಟಲಿ ಹಿಡಿದು ಒಳಗೆ ಹೋಗುತ್ತಿದ್ದಾರೆ, ಇನ್ನೊಂದರಲ್ಲಿ ತಂಗಿಯನ್ನು ಬೀಳ್ಕೊಡುತ್ತಿದ್ದಾರೆ. "ಚಿತ್ರದಲ್ಲಿ ಗುಟ್ಟೇನೂ ಇರಲಿಲ್ಲ, ಆದರೆ ಅದು ನನಗೆ ತಿಳಿಯದಂತೆ ಬೇರೆಯವರ ಮೇಜಿನ ಮೇಲೆ ಹತ್ತು ವರ್ಷ ಇತ್ತು" ಎಂದು ಅವರು ಹೇಳಿದಾಗ ನನಗೆ ಮಾತು ಹೊರಡಲಿಲ್ಲ. 1989ರ ಹೊತ್ತಿಗೆ ಆ ಇಲಾಖೆಯಲ್ಲಿ ಸುಮಾರು 91,000 ಪೂರ್ಣಾವಧಿ ನೌಕರರೂ ಸುಮಾರು 1,89,000 ಗುಪ್ತ ಸುದ್ದಿಗಾರರೂ ಇದ್ದರು. ಸುದ್ದಿಗಾರರೆಂದರೆ ಸಹೋದ್ಯೋಗಿ, ಗೆಳೆಯ, ಕೆಲವೊಮ್ಮೆ ಗಂಡ. ಆ ವರ್ಷ ಡಿಸೆಂಬರ್ 4ರಂದು ಈ ಊರಿನ ಜನರೇ ಇಲ್ಲಿನ ಸ್ಟಾಸಿ ಕಚೇರಿಯೊಳಗೆ ನುಗ್ಗಿ, ಕಡತಗಳು ಇನ್ನಷ್ಟು ನಾಶವಾಗದಂತೆ ತಡೆದರು. ಆ ಕಟ್ಟಡದಲ್ಲಿ ನಡೆದು ಬಂದವರು ಯಾರೂ ಇವರ ಎಚ್ಚರವನ್ನು ಅತಿಯೆಂದು ಹೇಳಲಾರರು.

ತಮ್ಮ ಕಾಲುವೆಯ ಪಕ್ಕದ ಕಿಟಕಿಗಳೂ ಇದನ್ನೇ ಹೇಳುತ್ತಿವೆಯಲ್ಲವೇ? ಹಾದುಹೋಗುವವರು ನೋಡಿದರೆ ಯಾರಿಗೂ ಬೇಸರವಿಲ್ಲ. ಅದೇ ಕಿಟಕಿಯ ಮುಂದೆ ಮೊಬೈಲ್ ಎತ್ತಿ ಹಿಡಿದು ನಿಂತು ನೋಡಿ, ಆ ಮನೆಯವರ ಮುಖ ಹೇಗಾಗುತ್ತದೆಂದು. ಕಾಣುವುದು ಬೇರೆ, ಕಂಡದ್ದನ್ನು ಕೊಂಡೊಯ್ಯುವುದು ಬೇರೆ.

ಡೆಲ್ಫ್ಟ್ ವಿದ್ಯಾರ್ಥಿ

ಆ ನಾಲ್ಕು ಚಿತ್ರಗಳ ಮಾತು ನನ್ನ ವಾದವನ್ನು ಅಲುಗಿಸಿತೆಂದು ಒಪ್ಪಿಕೊಳ್ಳುತ್ತೇನೆ. ಕಿಟಕಿಯ ಉದಾಹರಣೆಯನ್ನು ನಾನು ಅರ್ಧವಷ್ಟೇ ಯೋಚಿಸಿದ್ದೆ. ಆದರೂ, ಇನ್ನೊಬ್ಬರ ಮುಖವನ್ನು ಕೇಳದೆ ಹಾಕಬಾರದೆಂಬ ಶಿಸ್ತಿನ ಜೊತೆಗೆ, ನಮ್ಮ ಮುಖವನ್ನು ಹಾಕುವಾಗ ನಿಜವನ್ನೇ ಹಾಕಬೇಕೆಂಬ ಶಿಸ್ತೂ ಬೇಕೆಂಬ ನನ್ನ ಮಾತಿಗೆ ಅಂಟಿಕೊಂಡಿದ್ದೇನೆ.

ನೆಕ್ಕಾರ್ ತೀರದವಳು

ಅದಕ್ಕೆ ನನ್ನ ಪೂರ್ಣ ಸಹಮತವಿದೆ. ನಾನು ಊರಿಗೆ ತೋರಿಸಿದ್ದು ಕ್ರಿಸ್‌ಮಸ್ ಸಂತೆಯ ದೀಪಗಳನ್ನು. ಡಿಸೆಂಬರಿನಲ್ಲಿ ನಾಲ್ಕೂವರೆಗೆ ಮುಳುಗುವ ಸೂರ್ಯನನ್ನು ತೋರಿಸಿಲ್ಲ. ಅಂಗಡಿಗಳೆಲ್ಲ ಮುಚ್ಚಿದ ಭಾನುವಾರಗಳಲ್ಲಿ ಮೊಬೈಲಿನೊಳಗೆ ಊರನ್ನು ಹುಡುಕುತ್ತ ಕುಳಿತದ್ದನ್ನೂ ತೋರಿಸಿಲ್ಲ. ನಮ್ಮ ಸ್ವಾಬಿಯಾ ಸೀಮೆಯಲ್ಲಿ ಕೇರ್‌ವೊಖೆ ಎಂಬ ಪದ್ಧತಿಯಿದೆ. ಸರದಿ ಬಂದ ವಾರ ನಮ್ಮ ಬಾಗಿಲಿಗೆ ಒಂದು ಸಣ್ಣ ಫಲಕ ತೂಗುಹಾಕುತ್ತಾರೆ, ಆ ವಾರ ಎಲ್ಲರ ಮೆಟ್ಟಿಲನ್ನೂ ನಾವೇ ಗುಡಿಸಿ ಒರೆಸಬೇಕು. ಮೊದಲ ವರ್ಷ ಅದು ನನಗೆ ಕೀಳಾಗಿ ಕಂಡು ಅತ್ತಿದ್ದೆ. ಈಗ ಆ ವಾರವೇ ನೆರೆಯವರೊಡನೆ ಹೆಚ್ಚು ಮಾತಾಡುತ್ತೇನೆ. ಇದನ್ನು ಯಾರ ಮುಖವೂ ಇಲ್ಲದೆ ತೋರಿಸಬಹುದಿತ್ತು.

ಶಿರಸಿಯ ಅಮ್ಮ, ತಾವು ಕೇಳಿದ ಪ್ರಶ್ನೆ ನನ್ನನ್ನು ಕಾಡುತ್ತಿದೆ. ತಮ್ಮ ಮಾತು ಓದಿದ ಮೇಲೆ, ನಾನು ಚಿತ್ರಗಳನ್ನು ಪೂರ್ತಿ ನಿಲ್ಲಿಸಿದ್ದು ತಪ್ಪೆಂದು ತಿಳಿಯಿತು. ನಿನ್ನೆ ಅತ್ತೆಯವರೊಬ್ಬರಿಗೇ ಮಗಳ ಆರು ಚಿತ್ರಗಳನ್ನು ಕಳಿಸಿ, ಇವು ನಿಮಗಷ್ಟೇ, ಗುಂಪಿಗೆ ಬೇಡ, ಸ್ಟೇಟಸ್‌ಗೆ ಬೇಡವೆಂದು ವಿನಂತಿಸಿದೆ. "ನಿಮಗಷ್ಟೇ" ಎಂಬ ಮಾತಿಗೆ ಅವರು ಎಷ್ಟು ಹಿಗ್ಗಿದರೆಂದು ನಾನು ಊಹಿಸಿಯೇ ಇರಲಿಲ್ಲ.

ಶಿರಸಿಯ ಅಜ್ಜಿ

ನಿನ್ನ ಅತ್ತೆಯ ಹಿಗ್ಗು ನನಗೆ ಅರ್ಥವಾಗುತ್ತದೆ, ಮಗಳೇ. ನೂರೈವತ್ತು ಜನರ ಗುಂಪಿಗೆ ಬಂದ ಚಿತ್ರ ನಮ್ಮದೆನಿಸುವುದಿಲ್ಲ.

ನೀವೆಲ್ಲ ಬರೆದದ್ದನ್ನು ಎರಡು ದಿನ ಯೋಚಿಸಿದೆ. ನಮ್ಮಲ್ಲಿ ಕೂಸನ್ನು ತೇರಿಗೆ ಕರೆದೊಯ್ಯುವಾಗ ಕೆನ್ನೆಗೆ ಕಾಡಿಗೆಯ ಬೊಟ್ಟಿಡದೆ ಹೊಸಿಲು ದಾಟಿಸುತ್ತಿರಲಿಲ್ಲ. ಸಂಜೆ ಮನೆಗೆ ಬಂದ ಮೇಲೆ ಉಪ್ಪು ಮೆಣಸು ನಿವಾಳಿಸುತ್ತಿದ್ದೆವು. ಎಲ್ಲ ಕಣ್ಣಿಗೂ ಕೂಸನ್ನು ಪೂರ್ತಿಯಾಗಿ ಒಪ್ಪಿಸಬಾರದೆಂದು ನನ್ನ ಅತ್ತೆ ಹೇಳುತ್ತಿದ್ದರು. ಅದೇ ನಾನು ಮೊಮ್ಮಗನ ಮುಖವನ್ನು ಎರಡು ವರ್ಷದಿಂದ ವಾಟ್ಸ್ಆ್ಯಪ್‌ನಲ್ಲಿ ನನ್ನ ಚಿತ್ರದ ಜಾಗದಲ್ಲಿ ಇಟ್ಟುಕೊಂಡಿದ್ದೇನೆ. ಹಾಲಿನವನಿಗೂ, ಗ್ಯಾಸ್ ಬುಕ್ ಮಾಡುವ ಕಡೆಗೂ, ನನ್ನ ಸಂಖ್ಯೆ ಇರುವ ಯಾರಿಗೂ ಅದು ಕಾಣುತ್ತದೆ.

ಕಳೆದ ಭಾನುವಾರ ಮಗ ಕರೆ ಮಾಡಿದಾಗ, ಫೋನನ್ನು ಮೊಮ್ಮಗನಿಗೆ ಕೊಡು ಎಂದೆ. "ನಿನ್ನ ಯಾವ ಚಿತ್ರ ಅಜ್ಜಿಯ ಹತ್ತಿರ ಎಲ್ಲರಿಗೂ ಕಾಣುವಂತಿದ್ದರೆ ನಿನಗೆ ಅಡ್ಡಿಯಿಲ್ಲ?" ಎಂದು ಅವನನ್ನೇ ಕೇಳಿದೆ. ಇಷ್ಟು ವರ್ಷದಲ್ಲಿ ಅವನನ್ನು ಅದನ್ನು ಯಾರೂ ಕೇಳಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಶಾಲೆಯ ಮೊದಲ ದಿನದ ಚಿತ್ರ ಬೇಡ, ಅದರಲ್ಲಿ ತಾನು ಅತ್ತು ಮುಗಿಸಿದ್ದು ಗೊತ್ತಾಗುತ್ತದೆ ಎಂದ. ಆ ಚಿತ್ರವನ್ನು ನಾನು ದಿನಕ್ಕೆ ಹತ್ತು ಬಾರಿ ನೋಡಿದ್ದೇನೆ, ತೋಳನ್ನು ಕಂಡಿದ್ದೇನೆ, ಕಣ್ಣನ್ನು ಕಂಡಿರಲಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಕರುವಿನ ಕೊರಳು ತಬ್ಬಿ ಬೆನ್ನು ಹಾಕಿ ನಿಂತ ಚಿತ್ರ ಇರಬಹುದೆಂದ. ಅದನ್ನೇ ಇಟ್ಟಿದ್ದೇನೆ. ಶಂಕುವಿನ ಚಿತ್ರವನ್ನು ಪೇಟೆಯಲ್ಲಿ ಕಾಗದಕ್ಕೆ ತೆಗೆಸಿ, ನನ್ನ ಸೀರೆಗಳಿರುವ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.